ಬಸ್ಸು ತಡೆಯುತ್ತಿದ್ದ ಅಕ್ಕೋರು

ಅವರನ್ನು ನಾನು ಮೊದಲ ಸಲ ಕಂಡದ್ದು ಬಸ್ಸಿನ ಮುಂದೆ. ಬಸ್ಸಿನ ಹತ್ತಿರ ಅಲ್ಲ, ಬಸ್ಸಿನೊಳಗೂ ಅಲ್ಲ. ಹಾನಗಲ್ಲಿನಿಂದ ಬಂದು ಹುಬ್ಬಳ್ಳಿಗೆ ಹೊರಡಲು ಎಂಜಿನ್ ಚಾಲೂ ಮಾಡಿ ನಿಂತಿದ್ದ ಬಸ್ಸಿನ ಸರಿಯಾಗಿ ಮುಂದೆ, ಬಂಪರಿಗೆ ಕೈಚೀಲ ಆನಿಸಿಕೊಂಡು. ಡ್ರೈವರ್ ಹಾರ್ನ್ ಹೊಡೆದ. ಸರಿಯಲಿಲ್ಲ. ಮತ್ತೆ ಹೊಡೆದ. ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು, ಅಷ್ಟೆ.

ಆಗ ನಾನು ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಜನ ಕಂಟ್ರೋಲರ್ ಎನ್ನುತ್ತಿದ್ದರು. ಬಸ್ಸು ಹೊತ್ತಿಗೆ ಬಂದು ಹೊತ್ತಿಗೆ ಹೋದರೆ ಯಾರೂ ನನ್ನನ್ನು ನೆನೆಯುತ್ತಿರಲಿಲ್ಲ; ತಡವಾದರೆ ಎಲ್ಲರೂ ನೆನೆಯುತ್ತಿದ್ದರು, ಅವ್ವ ಅಪ್ಪನ ಸಮೇತ. ಹೊರಗೆ ಬಂದು ಕೇಳಿದೆ.

“ಯಾರ್ರೀ ನೀವು? ಸರೀರಿ, ಬಸ್ ಬಿಡಬೇಕು.”

“ಬಿಡ್ರಿ, ಯಾರ್ ಬ್ಯಾಡ ಅಂದಾರ? ಒಳಗ ಬಿಳಿ ಟೊಪಿಗಿಯವ ಕುಂತಾನಲ್ಲ, ಅವನ ಬಾಜೂಕಿನ ಕೂಸು ಅಳಾಕತ್ತೈತಿ. ಯಾಕ ಅಳಾಕತ್ತೈತಿ ಅಂತ ಕೇಳಿ ಬಿಡ್ರಿ.”

“ಕೂಸು ಅಂದಮ್ಯಾಲ ಅಳ್ತಾವ್ರಿ. ನಮ್ಮ ಮನ್ಯಾಗೂ ಅಳ್ತಾವು.”

“ನಿಮ್ಮವು ನಿಮ್ಮ ಮನ್ಯಾಗ ಅಳ್ತಾವು. ಇದು ಬಸ್ಸಿನ್ಯಾಗ ಅಳಾಕತ್ತೈತಿ.”

ಇಂಥ ಮಾತಿಗೆ ಉತ್ತರ ಕೊಡುವ ತರಬೇತಿ ನಮಗೆ ಕೊಟ್ಟಿರಲಿಲ್ಲ. ಅವರೇ ಬಸ್ಸು ಹತ್ತಿದರು. ಟೊಪ್ಪಿಗೆಯವನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದರು: “ಈ ಕೂಸು ಏನ್ ಉಣ್ಣೂದಿಲ್ಲ ಹೇಳ್ರಿ?”

ಆತ ಕಕ್ಕಾಬಿಕ್ಕಿಯಾದ. ಆಮೇಲೆ ನಕ್ಕ. “ಬದನಿಕಾಯಿ ಕಂಡ್ರ ಓಡಿ ಹೋಗ್ತಾಳ್ರಿ. ಹಾಲು ಕುಡದ್ರ ಕೆನಿ ತಗೀಬೇಕು, ಇಲ್ಲಂದ್ರ ಮುಟ್ಟಂಗಿಲ್ಲ. ನಮ್ಮ ಅಕ್ಕನ ಮಗಳ್ರೀ ಬಾಯಾರ, ಕಣ್ಣು ಬಂದಾವು, ಹುಬ್ಬಳ್ಳಿ ದವಾಖಾನಿಗೆ ಒಯ್ಯಾಕತ್ತೇನಿ.”

ಮಗು ಅಳುತ್ತಿದ್ದದ್ದು ಕಣ್ಣುನೋವಿಗೆ. ಇಡೀ ಬಸ್ಸು ಬೈಯಿತು. ನಾನೂ ಬೈದೆ. ಇವರು ಕೆಳಗಿಳಿದು, ಸೆರಗಿನಿಂದ ಮುಖ ಒರೆಸಿಕೊಂಡು, “ಇವತ್ತು ತಪ್ಪಾತು. ಛಲೋನ ಆತು” ಎಂದರು. ಕ್ಷಮೆ ಇರಲಿ ಎಂಬ ಮಾತು ಬರಬಹುದೆಂದು ಕಾದೆ. ಬರಲಿಲ್ಲ. ಬಸ್ಸಿನ ಬಾಗಿಲ ಬಳಿಯೇ ನಿಂತು, “ಸವಣೂರು ಬಸ್ ಎಷ್ಟೊತ್ತಿಗೆ ಐತ್ರಿ?” ಎಂದು ಕೇಳಿದರು.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಹಿರೇಕೆರೂರು ಕಡೆಯ ಕಂಡಕ್ಟರನೊಬ್ಬ ತಂದ. ಆವತ್ತಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತಾಗಲೆಲ್ಲ ದುಃಖಕ್ಕಿಂತ ಮೊದಲು ಆ ಹಳೆಯ ಸಿಟ್ಟೇ ಬರುತ್ತದೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರ ಹೆಸರನ್ನು ಪೇಪರಿನಲ್ಲಿ ಹಾಕಿಸಬೇಕೆಂದು ಯಾರೋ ಹೊರಟಾಗ, “ನನ್ನ ಹೆಸರು ಗೊತ್ತಾದ್ರ ಮಕ್ಕಳನ್ನ ಒಯ್ಯಾವ್ರು ಹುಷಾರಾಗ್ತಾರ, ಇಲಾಖೆಯವ್ರು ಸಿಟ್ಟಾಗ್ತಾರ. ಯಾರಿಗೆ ಬೇಕು?” ಎಂದಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ಇವರು ಶಾಲೆ ಕಲಿಸದಿದ್ದರೂ ಎಲ್ಲರಿಗೂ ಅಕ್ಕೋರೇ.

ಅವರ ಕೆಲಸ ಏನೆಂದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಮಕ್ಕಳ ಕಲ್ಯಾಣ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ ಎಂದು ಹುದ್ದೆ. ತುರ್ತು ಪರಿಸ್ಥಿತಿ ಮುಗಿದ ಹೊಸತು. ಜೀತ ಹೋಗಬೇಕು, ಮಕ್ಕಳನ್ನು ಸಾಗಿಸುವುದು ನಿಲ್ಲಬೇಕು ಎಂದು ಮೇಲಿನಿಂದ ಆದೇಶದ ಮೇಲೆ ಆದೇಶ ಬರುತ್ತಿದ್ದ ಕಾಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿಗೆ ಸೇರಿ ಸರ್ಕಾರ ನೇಮಿಸಿದ್ದು ಇವರೊಬ್ಬರನ್ನು. ಜೀಪು ಕೊಡುತ್ತೇವೆ ಎಂದಿದ್ದರಂತೆ. ಜೀಪು ಬರುವ ತನಕ ಬಸ್ಸು ಎಂದಿದ್ದರಂತೆ. ಜೀಪು ಅವರಿಗೆ ವರ್ಗವಾಗುವ ತನಕವೂ ಬರಲಿಲ್ಲವಾದ್ದರಿಂದ ಬಸ್ಸಿನ ಶನಿ ನನ್ನ ಹೆಗಲೇರಿತು.

ದಪ್ಪ ನೂಲಿನ ಸೀರೆ, ಗಂಡಸರ ಚಪ್ಪಲಿ. ಕಾಲು ದೊಡ್ಡವು, ಹೆಣ್ಣುಮಕ್ಕಳ ಚಪ್ಪಲಿ ಹಿಡಿಸುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು; ಆದರೆ ಬಸ್ಸಿನಲ್ಲಿ ಎಲ್ಲಾದರೂ ಮಗು ಕುಂಯ್ ಎಂದರೆ ಕಣ್ಣು ತೆರೆಯುತ್ತಿದ್ದವು. ಜೋರಾಗಿ ಮಾತಾಡುವವರು. ಗುಟ್ಟು ಹೇಳಿದರೂ ಎದುರಿನ ಹೋಟೆಲಿಗೆ ಕೇಳಿಸುತ್ತಿತ್ತು. ತಂದೆಯ ಕಾಲಕ್ಕೆ ಅವರ ಮನೆತನ ಬೌದ್ಧ ಧರ್ಮ ಸ್ವೀಕರಿಸಿತ್ತು. ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕೂರಿಸಿ, “ನೀವು ಯಾವ ಪೈಕಿ ಅಕ್ಕೋರ?” ಎಂದು ಕೇಳಿದರೆ “ಬುದ್ಧನ ಪೈಕಿ” ಎನ್ನುತ್ತಿದ್ದರು. ಆಮೇಲೆ ಬರಬೇಕಾದ ನೀರಿನ ತಂಬಿಗೆ ಕೆಲವು ಮನೆಗಳಲ್ಲಿ ಒಳಗೇ ಉಳಿಯುತ್ತಿತ್ತು. ಅವರು ಎದ್ದು ಊರಿನ ನಳಕ್ಕೆ ಬಾಯಿ ಹಚ್ಚಿ ಕುಡಿದು ಬಂದು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಶುರು ಮಾಡುತ್ತಿದ್ದರು.

ಗಂಡ ಹಿರೇಕೆರೂರಿನಲ್ಲಿ ಶಾಲಾ ಮಾಸ್ತರರು. ಮಕ್ಕಳಿರಲಿಲ್ಲ. ಒಮ್ಮೆ ಹೆಂಡತಿಗೆ ಬುತ್ತಿ ಕೊಡಲೆಂದು ಶಿಗ್ಗಾವಿಯ ತನಕ ಬಂದಿದ್ದ ಆ ಸಾಧು ಮನುಷ್ಯ ನನ್ನ ಮೇಜಿನ ಎದುರು ಕುಳಿತು, “ಕಂಟ್ರೋಲರ್ ಸಾಹೇಬ್ರ, ಆಕಿ ನನ್ನ ಕಡೆ ನೋಡಬೇಕಂದ್ರ ನನ್ನ ಯಾರರ ಕದ್ದು ಒಯ್ಯಬೇಕು ನೋಡ್ರಿ” ಎಂದು ನಗುತ್ತಲೇ ಹೇಳಿದರು.

ಒಂದು ಸಲ ಮೇಲಿನಿಂದ ಮಕ್ಕಳ ರಕ್ಷಣೆಯ ಭಿತ್ತಿಪತ್ರಗಳ ದೊಡ್ಡ ಕಟ್ಟು ಬಂತು. ಗುಲಾಬಿ ಹೂವು ಹಿಡಿದ, ಗುಂಡುಗುಂಡಗಿನ, ಬೂಟು ಹಾಕಿಕೊಂಡ ಒಂದು ಮಗು ನಗುತ್ತಿರುವ ಚಿತ್ರ. ಕೆಳಗೆ ನಾಲ್ಕು ಸಾಲು ಉಪದೇಶ. ನಿಲ್ದಾಣದಲ್ಲಿ ಹಚ್ಚಲು ಜಾಗ ಕೇಳಿದರು, ಕೊಟ್ಟೆ. ಹಚ್ಚಿ ಮುಗಿಸಿ ದೂರ ನಿಂತು ನೋಡಿ, ಅಂಟು ಮೆತ್ತಿದ ಕೈಯನ್ನು ಗೋಡೆಗೇ ಒರೆಸಿ, “ಓದಾಕ ಬರೂ ಮಂದಿ ಮಕ್ಕಳನ್ನ ಕಳಸಂಗಿಲ್ಲ. ಕಳಸೂ ಮಂದಿಗೆ ಓದಾಕ ಬರಂಗಿಲ್ಲ. ಇದನ್ನ ಯಾರ ಸಲುವಾಗಿ ಹಚ್ಚಿದೆ ನಾನು?” ಎಂದರು. ಹಾಗಂದವರು ಸುಮ್ಮನಿದ್ದರೇ? ಉಳಿದ ಕಟ್ಟನ್ನೂ ಹೊತ್ತು ದುಂಡಸಿ ಬಸ್ಸು ಹತ್ತಿದರು. ಸರ್ಕಾರ ಕೊಟ್ಟದ್ದನ್ನು ಬೈಯುತ್ತ ಬೈಯುತ್ತ ಚಾಚೂ ತಪ್ಪದೆ ಮಾಡುವ ಈ ಗುಣ ನನಗೆ ತಲೆಬೇನೆ ತರುತ್ತಿತ್ತು. ಬೈಯುವುದಾದರೆ ಬಿಡಬೇಕು, ಮಾಡುವುದಾದರೆ ಬೈಯಬಾರದು. ಅವರು ಎರಡನ್ನೂ ಮಾಡುತ್ತಿದ್ದರು.

ಜಿಲ್ಲೆಯ ಮೀಟಿಂಗಿಗೆ ಹೋಗಿ ಬಂದ ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ. “ಈ ಸಲ ಎಷ್ಟು ಮಕ್ಕಳನ್ನ ರಕ್ಷಣಾ ಮಾಡಿದ್ರಿ ಅಂತ ಕೇಳಿದ್ರು. ಕಳಸಬ್ಯಾಡ್ರೋ ಅಂತ ಹೇಳಿ ನಿಲ್ಲಿಸಿದ್ದು ಲೆಕ್ಕಕ್ಕ ಬರಂಗಿಲ್ಲಂತ. ಮೊದಲು ಕಳೀಬೇಕಂತ, ಆಮ್ಯಾಲ ಹುಡುಕಬೇಕಂತ, ಆಗ ರಕ್ಷಣಾ ಅಂತ.” ನನ್ನ ಮೇಜಿನ ಮೇಲಿದ್ದ ಚಹಾ ನನ್ನದೋ ತಮ್ಮದೋ ಎಂದು ನೋಡದೆ ಕುಡಿದರು. “ಮಾರಾಟ ಆಗದ ಕೂಸನ್ನ ಹೆಂಗ ಎಣಸ್ಲಿ ಹೇಳ್ರಿ ಕಂಟ್ರೋಲರ?”

ನನಗೇನು ಗೊತ್ತು. ನಾನು ಬಸ್ಸು ಎಣಿಸುವವನು.

ಈಗ ಆ ನಾಲ್ಕು ಮಕ್ಕಳ ವಿಷಯ ಹೇಳಬೇಕು.

ಹಾನಗಲ್ ತಾಲೂಕಿನಲ್ಲಿ ವರದಾ ನದಿಯ ದಂಡೆಗೆ ಚಳಿಗಾಲ ಹಿಡಿಯುತ್ತಲೇ ಇಟ್ಟಂಗಿ ಭಟ್ಟಿಗಳು ಏಳುತ್ತಿದ್ದವು. ಮಣ್ಣು ಕಲಸಿ ಇಟ್ಟಿಗೆ ಕೊಯ್ಯಲು ಬಿಜಾಪುರದ ಕಡೆಯಿಂದ ಸಂಸಾರಗಳೇ ಬರುತ್ತಿದ್ದವು. ಮಳೆ ಬೀಳುವ ಮುಂಚೆ ಎದ್ದು ಹೋಗುತ್ತಿದ್ದವು. ಆ ಮಕ್ಕಳಿಗೆ ಇಲ್ಲಿ ಶಾಲೆಯಿಲ್ಲ, ಅಲ್ಲಿ ಮನೆಯಿಲ್ಲ. ಯಾವ ಊರಿನ ಪಟ್ಟಿಯಲ್ಲೂ ಇಲ್ಲದ ಮಕ್ಕಳು. ಒಯ್ಯುವವರಿಗೆ ಇದಕ್ಕಿಂತ ಅನುಕೂಲ ಏನಿದೆ? ಒಂದು ಮಗು ಕಮ್ಮಿಯಾದರೆ ಕೇಳುವ ಹಾಜರಿಯೇ ಇಲ್ಲ.

ಒಂದು ಬೆಳಗ್ಗೆ ಹಾನಗಲ್ ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ನಾಲ್ಕು ಮಕ್ಕಳನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸುತ್ತಿದ್ದಳು. ಹಣೆ ತುಂಬ ಕುಂಕುಮ, ಇಳಕಲ್ ಸೀರೆ, ಕೈಯಲ್ಲಿ ಚುರಮುರಿ ಪೊಟ್ಟಣ. ಮಕ್ಕಳು ಅಳುತ್ತಿರಲಿಲ್ಲ, ನಗುತ್ತ ತಿನ್ನುತ್ತಿದ್ದವು. ನೋಡಿದರೆ ಯಾವ ಅನುಮಾನವೂ ಬರುವಂತಿರಲಿಲ್ಲ. ಆದರೆ ನಮ್ಮ ಕಂಡಕ್ಟರ್ ಮೌಲಾಸಾಬ ನನ್ನ ಬಳಿ ಬಂದು ಪಿಸುಗುಟ್ಟಿದ. ಆತ ಹಿಂದಿನ ವರ್ಷ ಗೋವಾ ಮಾರ್ಗದಲ್ಲಿದ್ದವನು.

“ಸಾಹೇಬ್ರ, ಈ ಹೆಂಗಸು ಹ್ವಾದ ವರ್ಷ ನಮ್ಮ ಗಾಡ್ಯಾಗ ಒಂದು ಹುಡುಗೀನ್ನ ಮಡಗಾಂವಿಗೆ ಕರಕೊಂಡು ಹೋಗಿದ್ಲರಿ. ಘಾಟಿನ್ಯಾಗ ಆ ಹುಡುಗಿ ಕಾರಿಕೊಂಡು ಭಾಳ ಅತ್ತಿತ್ತು, ಅದಕ್ಕ ನೆನಪೈತಿ. ಅವಾಗೂ ಅಕ್ಕನ ಮಗಳು ಅಂದಿದ್ಲು.”

ಅಕ್ಕೋರು ಆ ದಿನ ಸವಣೂರಿನಲ್ಲಿದ್ದರು. ಹಾಳಾದ್ದು, ಇವರು ಬೇಡವೆಂದಾಗ ಎದುರಿಗಿರುತ್ತಾರೆ, ಬೇಕಾದಾಗ ಇರುವುದಿಲ್ಲ ಎಂದು ಬೈದುಕೊಂಡೆ. ಸವಣೂರು ಬಸ್ಸಿನ ಡ್ರೈವರನ ಕೈಯಲ್ಲಿ ಸುದ್ದಿ ಕಳಿಸಿದೆ. ಆಮೇಲೆ ನನ್ನ ನಾಲಿಗೆ ನನ್ನ ಅಪ್ಪಣೆಯಿಲ್ಲದೆ ಕೆಲಸ ಮಾಡಿತು. ಬಸ್ಸು ಹತ್ತಿ ಆ ಹೆಂಗಸನ್ನು ಕೇಳಿದೆ: “ಈ ಮಕ್ಕಳು ಏನ್ ಉಣ್ಣೂದಿಲ್ಲವಾ?”

“ಬಡವರ ಮಕ್ಕಳ್ರೀ, ಏನ್ ಕೊಟ್ರೂ ತಿಂತಾವು” ಎಂದಳು.

ಬಸ್ಸು ಬಿಡಲಿಲ್ಲ. ಯಾವ ನಿಯಮದ ಪ್ರಕಾರ ಎಂದು ಜನ ನನ್ನ ಕಿಟಕಿ ಬಡಿದರು. ಒಬ್ಬರಿಗೆ ಕೋರ್ಟು, ಒಬ್ಬರಿಗೆ ದವಾಖಾನೆ, ಒಬ್ಬರಿಗೆ ಬೀಗರ ಮನೆ. ಕೊನೆಗೆ ಮಕ್ಕಳನ್ನೂ ಹೆಂಗಸನ್ನೂ ಕೆಳಗಿಳಿಸಿ ಬಸ್ಸು ಬಿಟ್ಟೆ. ಅಷ್ಟರಲ್ಲಿ ಸವಣೂರಿನಿಂದ ವೀಳ್ಯದೆಲೆ ತರುವ ಟೆಂಪೋ ನಿಲ್ದಾಣದೊಳಗೇ ನುಗ್ಗಿತು. ಒದ್ದೆ ಗೋಣಿ ಮುಚ್ಚಿದ ಎಲೆಬುಟ್ಟಿಗಳ ನಡುವಿನಿಂದ ಅಕ್ಕೋರು ಇಳಿದರು. ಸೀರೆಯೆಲ್ಲ ಹಸಿ.

ಮಕ್ಕಳ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ದೊಡ್ಡದು ಒಂದು ಹುಡುಗಿ, ಚಂದ್ರಿ ಅಂತ. ಒಂಬತ್ತೋ ಹತ್ತೋ ಇರಬೇಕು. ಭಟ್ಟಿಯ ಕೆಂಪು ಧೂಳು ಹುಬ್ಬಿನಲ್ಲೂ ಕೂತಿತ್ತು.

“ಎಲ್ಲಿಗೆ ಹೊಂಟೀರಿ?”

“ಅಕ್ಕನ ಹಂತೇಕ” ಎಂದಳು ಚಂದ್ರಿ. “ನಮ್ಮ ದುರಗಕ್ಕನ್ನ ಈಕೀನ ಕರಕೊಂಡು ಹೋಗ್ಯಾಳ. ಅಲ್ಲಿ ಮನ್ಯಾಗ ಕೆಲಸ ಐತಂತ. ಸಮುದ್ರ ಐತಂತ.”

“ದುರಗಕ್ಕ ತಿರುಗಿ ಬಂದಾಳೇನು?”

ಚಂದ್ರಿ ಆ ಹೆಂಗಸಿನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. “ಇಲ್ಲ. ಸುದ್ದೀನೂ ಇಲ್ಲ. ಅವ್ವ ದಿನಾ ಅಳ್ತಾಳ. ಅದಕ್ಕ ನಾ ನೋಡಿ ಬರ್ತೇನಿ ಅಂದೆ.”

ಇನ್ನು ಮುಂದಿನದು ನೆನೆದರೆ ಈಗಲೂ ನೆತ್ತಿ ಕಾಯುತ್ತದೆ. ಇಳಿದ ಊರಿನ ಠಾಣೆಯವರು, ಹತ್ತಿದ ಊರಿನವರೇ ನೋಡಬೇಕು ಎಂದರು. ಹತ್ತಿದ ಊರಿನ ಠಾಣೆಯವರು, ತಂದೆತಾಯಿ ಬೇರೆ ಜಿಲ್ಲೆಯವರು, ಅಲ್ಲಿಗೆ ಬರೆಯಿರಿ ಎಂದರು. ಬಾಲಮಂದಿರಕ್ಕೆ ಫೋನು ಮಾಡಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು ಎಂದರು. ಮ್ಯಾಜಿಸ್ಟ್ರೇಟರು ರಜೆಯ ಮೇಲೆ. ನನ್ನ ಕೋಣೆಯ ಒಂದೇ ಫೋನಿನಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಡಿಪೋದವರು ನನ್ನನ್ನು ಹುಡುಕಿ ಹುಡುಕಿ ಸಿಗದೆ ಸಿಟ್ಟಾಗಿ, ಫೋನ್ ಖಾಲಿಯಾದ ಕೂಡಲೇ ಉಗಿದರು. ಅವರು ಇಟ್ಟ ಕೂಡಲೇ ಅಕ್ಕೋರ ಮೇಲಧಿಕಾರಿಯ ಫೋನು ಬಂತು. ಅವರ ದನಿ ನನಗೂ ಕೇಳಿಸುವಷ್ಟು ಜೋರಿತ್ತು: ನಿಲ್ದಾಣದಲ್ಲಿ ಮಕ್ಕಳನ್ನು ತಡೆದು ಇಟ್ಟುಕೊಳ್ಳಲು ನಿಮಗೆ ಯಾರು ಅಧಿಕಾರ ಕೊಟ್ಟರು?

“ಸರ್ಕಾರ ಕೊಟ್ಟೈತ್ರಿ” ಎಂದರು ಅಕ್ಕೋರು. “ಆದ್ರ ಸರ್ಕಾರ ಎಲ್ಲಿ ಐತಿ ಅಂತ ಮುಂಜಾನಿಂದ ಹುಡುಕಾಕತ್ತೇನಿ. ಈ ನಾಕ್ ತಾಲೂಕಿನ್ಯಾಗ ನಾನ ಸರ್ಕಾರ ಅಂತ ಕಾಣಸ್ತೈತಿ. ಬ್ಯಾರೆ ಯಾರೂ ಬರಂಗಿಲ್ಲ.” ಫೋನು ಇಟ್ಟು ನನ್ನ ಕಡೆ ತಿರುಗಿ, “ಹೆಂಗಸರ ವಿಶ್ರಾಂತಿ ಕೋಣಿ ಕೀಲಿ ಕೊಡ್ರಿ” ಎಂದರು.

ನನ್ನ ಹೆಂಡತಿ ರೊಟ್ಟಿ, ಪುಂಡಿಪಲ್ಯ ಮಾಡಿ ತಂದಳು. ಸಣ್ಣ ಮಗುವೊಂದು ಪುಂಡಿಪಲ್ಯ ಮುಟ್ಟಲಿಲ್ಲ. ಬರೀ ರೊಟ್ಟಿ ಕಡಿಯಿತು. ಅಕ್ಕೋರು ನನ್ನ ಕಡೆ ನೋಡಿದರು.

ಆ ಹೆಂಗಸು? ಠಾಣೆಯವರು ಆಕೆಯ ವಿಳಾಸ ಕೇಳಿಕೊಂಡು ಮಧ್ಯಾಹ್ನವೇ ಬಿಟ್ಟು ಕಳಿಸಿದ್ದರು. ಅಪ್ಪ ಒಪ್ಪಿ ಕಳಿಸಿದ್ದಾನಲ್ಲ, ಅಪರಾಧ ಎಲ್ಲಿದೆ ಎಂದರಂತೆ. ಆ ವಿಳಾಸದಲ್ಲಿ ಅಂಥ ಮನೆಯೇ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಅಕ್ಕೋರು ಅದನ್ನು ಕೇಳಿದಾಗ ಕೂಗಾಡಲಿಲ್ಲ. ಹೊರಗೆ ಹೋಗಿ ನಿಲ್ದಾಣದ ನಳದ ಕೆಳಗೆ ಬಹಳ ಹೊತ್ತು ಕೈ ತೊಳೆದರು.

ಮರುದಿನ ಮಕ್ಕಳ ತಾಯಿ ಬಂದಳು. ಭಟ್ಟಿಯಿಂದ ನೇರ ಬಂದವಳು, ಮೊಣಕೈ ತನಕ ಮಣ್ಣು. ನಾಲ್ಕರಲ್ಲಿ ಎರಡು ಅವಳವು, ಎರಡು ಮೈದುನನವು. ಅಕ್ಕೋರಿಗೆ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಜಗಳಕ್ಕೇ ಬಂದಿದ್ದಳು.

“ಯಾಕ ತಡದ್ರಿ ನಮ್ಮ ಮಕ್ಕಳನ್ನ? ಭಟ್ಟ್ಯಾಗ ಬೇಯೂದಕ್ಕಿಂತ ಯಾರರ ಮನ್ಯಾಗ ಭಾಂಡಿ ತಿಕ್ಕೂದು ಪಾಡಲ್ಲೇನ್ರಿ? ನೆರಳಿರ್ತೈತಿ, ಎರಡ ಹೊತ್ತು ಕೂಳಿರ್ತೈತಿ. ನೀವು ಕೊಡ್ತೀರೇನು?”

ನನಗೆ ಅವಳ ಮಾತು ಖರೆ ಅನ್ನಿಸಿತು. ಅಕ್ಕೋರಿಗೂ ಅನ್ನಿಸಿರಬೇಕು.

“ಪಾಡ ಐತವಾ. ಇಲ್ಲ ಅನ್ನಂಗಿಲ್ಲ. ಆದ್ರ ದುರಗವ್ವ ಇರೂ ಮನಿ ಯಾವ್ದು ಹೇಳು.”

“ಗೋವಾದಾಗ.”

“ಗೋವಾದಾಗ ಎಲ್ಲಿ?”

ತಾಯಿ ಸುತ್ತ ನಿಂತಿದ್ದ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು, ನಮ್ಮಲ್ಲಿ ಯಾರಿಗಾದರೂ ಗೊತ್ತಿರಬಹುದು ಎನ್ನುವ ಹಾಗೆ. ಆಮೇಲೆ ಕಂಬಕ್ಕೆ ಒರಗಿ ಕುಳಿತಳು. ಮಡಗಾಂವಿ ಎಂಬ ಊರಿನ ಹೆಸರನ್ನು ಅವಳಿಗೆ ಹೇಳಿದ್ದು ಮೌಲಾಸಾಬ.

ಗೋವಾ ಆಗ ಕೇಂದ್ರದ ಆಡಳಿತದಲ್ಲಿತ್ತು. ಹೊರ ಪ್ರದೇಶಕ್ಕೆ ಹೋಗಲು ಅನುಮತಿ ಕೇಳಿದರೆ, ನಿಮ್ಮ ವ್ಯಾಪ್ತಿ ನಾಲ್ಕು ತಾಲೂಕು, ಅದನ್ನು ಮೀರಬೇಡಿ ಎಂದು ಉತ್ತರ ಬಂತು. ಅವರು ರಜೆ ಹಾಕಿದರು. ರಜೆ ಮಂಜೂರಾಗುವ ತನಕ ಕಾಯಲಿಲ್ಲ. ಮಕ್ಕಳನ್ನು ನನ್ನ ಹೆಂಡತಿಯ ಹತ್ತಿರ ಬಿಟ್ಟು, ತಾಯಿಯನ್ನು ಕರೆದುಕೊಂಡು ಹೊರಟೇಬಿಟ್ಟರು. ನಾನು ಹೇಳಿದೆ: “ಅಕ್ಕೋರ, ಅಷ್ಟು ದೊಡ್ಡ ಊರಾಗ ಒಂದು ಹುಡುಗೀನ್ನ ಎಲ್ಲಿ ಅಂತ ಹುಡುಕ್ತೀರಿ? ಹುಚ್ಚಲ್ಲೇನ್ರಿ ಇದು?”

“ಹುಚ್ಚ ಐತಿ. ಶಾಣೇ ಮಂದಿ ಯಾರೂ ಹೊಂಟಿಲ್ಲಲ್ಲ, ಏನ್ ಮಾಡ್ಲಿ?”

ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಅದೂ ಬಸ್ಸಿನ ವೇಳೆ ಹೇಳುವಂತೆ, ಏರಿಳಿತವಿಲ್ಲದೆ. ಮಡಗಾಂವಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ನಮ್ಮ ಕಡೆಯ ಹೆಂಗಸರು ಸಿಕ್ಕರಂತೆ. ಕೆಲಸಕ್ಕೆ ಬಂದ ಕನ್ನಡದ ಹುಡುಗಿಯರು ಇಂಥಿಂಥ ಓಣಿಗಳಲ್ಲಿ ಇದ್ದಾರೆ ಎಂದಷ್ಟೇ ಅವರಿಗೂ ಗೊತ್ತು. ಮನೆಮನೆಗೆ ಹೋಗಿ ಕೇಳಿದರೆ ಬಾಗಿಲು ಮುಚ್ಚುತ್ತಿದ್ದರು. ಆಗ ಅಕ್ಕೋರು ತಾಯಿಗೆ ಹೇಳಿದರಂತೆ: “ಭಟ್ಟ್ಯಾಗ ಊಟಕ್ಕ ಹೆಂಗ ಕರೀತಿದ್ದಿ, ಹಂಗ ಕರಿ.”

ತಾಯಿ ಮೊದಲು ನಾಚಿದಳು. ಪರಊರು, ಪರಭಾಷೆ, ಟೈ ಕಟ್ಟಿದ ಜನ. ಆಮೇಲೆ ಕರೆದಳು. “ದುರಗೀ... ಏ ದುರಗೀ... ಉಣ್ಣಾಕ ಬಾರಬೇ...” ಎಂದು, ಹೊಳೆಯ ಈ ದಂಡೆಯಿಂದ ಆ ದಂಡೆಗೆ ಕರೆಯುವ ದನಿಯಲ್ಲಿ. ಓಣಿಯಿಂದ ಓಣಿಗೆ ಹಾಗೇ ಕರೆಯುತ್ತ ಹೋದಳು. ನಾಯಿಗಳು ಬೊಗಳಿದವು. ಜನ ಕಿಟಕಿಯಲ್ಲಿ ಬಂದು ನಕ್ಕರು. ಎರಡನೆಯ ದಿನ ಒಂದು ಮಾಳಿಗೆಯ ಮೇಲೆ, ಒಣಗಲು ಹಾಕಿದ ಚಾದರಗಳ ನಡುವೆ ಒಂದು ತಲೆ ಕಂಡಿತು. ಕೂದಲನ್ನು ಗಂಡುಹುಡುಗರ ಹಾಗೆ ಕತ್ತರಿಸಿದ್ದರು. ತಾಯಿಗೆ ಗುರುತು ಸಿಗಲಿಲ್ಲ. ಮೇಲಿನಿಂದ ಹುಡುಗಿ, “ಬಂದ್ಯಾ ಅವ್ವಾ?” ಎಂದಳು. ಎಷ್ಟೋ ಹೊತ್ತಿನಿಂದ ಅಲ್ಲೇ ಕಾಯುತ್ತಿದ್ದವಳ ಹಾಗೆ.

ಬಾಗಿಲಿಗೆ ಹೊರಗಿನಿಂದ ಬೀಗ. ಮನೆಯವರು ಇರಲಿಲ್ಲ. ತಾಯಿಯನ್ನು ಅಲ್ಲೇ ನಿಲ್ಲಿಸಿ ಅಕ್ಕೋರು ಠಾಣೆಗೆ ಹೋದರು. ಅಲ್ಲಿನವರಿಗೆ ಕನ್ನಡ ಬರುತ್ತಿರಲಿಲ್ಲ, ಇವರಿಗೆ ಕೊಂಕಣಿ ಬರುತ್ತಿರಲಿಲ್ಲ. “ಸಿಟ್ಟಿಗೆ ಭಾಷಾ ಬೇಕಾಗಲಿಲ್ಲ” ಎಂದರು. ಹೇಗೋ ಒಬ್ಬ ಪೇದೆ ಎದ್ದು ಬಂದ. ಮನೆಯವರು ಬಂದು, ನಾವು ಚೆನ್ನಾಗಿಯೇ ನೋಡಿಕೊಂಡಿದ್ದೇವೆ ಎಂದರು. ದುರಗವ್ವನ ಕೈಗಳನ್ನು ಅಕ್ಕೋರು ಅವರ ಎದುರಿಗೆ ತಿರುಗಿಸಿ ಹಿಡಿದರು. ಬಟ್ಟೆ ಒಗೆಯುವ ಸೋಡಾಪುಡಿಗೆ ಬೆರಳುಗಳ ಸಂದು ಒಡೆದು ಹಸಿಯಾಗಿತ್ತು. ಕೈ ಅಷ್ಟೇ ಅಲ್ಲ, ಇನ್ನೂ ಏನೇನೋ ಇತ್ತಂತೆ. ಅದನ್ನು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶಿಗ್ಗಾವಿಗೆ ಬಂದಿಳಿದ ಆ ಮೂವರನ್ನು ನಾನು ನೋಡಿದ್ದೇನೆ. ಹುಡುಗಿ ತಾಯಿಯ ಬೆನ್ನ ಹಿಂದೆಯೇ ನಡೆಯುತ್ತಿದ್ದಳು. ನನ್ನ ಹೆಂಡತಿ ಹೆಸರು ಕೇಳಿದಾಗ, “ಲೀನಾ” ಎಂದಳು. ಆ ಮನೆಯಲ್ಲಿ ಹಾಗೆ ಕರೆಯುತ್ತಿದ್ದರಂತೆ. ಆಮೇಲೆ ಸರಿಪಡಿಸಿಕೊಂಡು, “ದುರಗವ್ವ” ಎಂದಳು. ಚಂದ್ರಿ ಓಡಿ ಬಂದು ಅಕ್ಕನ ಕತ್ತರಿಸಿದ ಕೂದಲನ್ನು ಮುಟ್ಟಿ ನೋಡಿ, “ಸಮುದ್ರ ನೋಡಿದೇನಬೇ?” ಎಂದು ಕೇಳಿದಳು. ದುರಗವ್ವ ಇಲ್ಲ ಎಂದು ತಲೆಯಾಡಿಸಿದಳು.

ಇಲಾಖೆಯಿಂದ ಬಹುಮಾನ ಬಂತು: ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಟ್ಟದ್ದಕ್ಕೆ ಕಾರಣ ಕೇಳಿ ನೋಟೀಸು. ನನಗೂ ಬಸ್ಸು ತಡೆದದ್ದಕ್ಕೆ ಒಂದು ಬಂತು. ಇಬ್ಬರೂ ನನ್ನ ಮೇಜಿನ ಮೇಲೆ ಎದುರುಬದುರು ಕುಳಿತು ಸಮಜಾಯಿಷಿ ಬರೆದೆವು. ಅವರು ನನ್ನದನ್ನು ಓದಿ, “ಇಷ್ಟು ಕೈ ಮುಗದು ಬರೀಬ್ಯಾಡ್ರಿ, ಅಸಹ್ಯ ಕಾಣತೈತಿ” ಎಂದರು.

ತಾಯಿ ಉಳಿದ ಮಕ್ಕಳನ್ನು ಭಟ್ಟಿಗೆ ವಾಪಸು ಒಯ್ದಳು, ದುರಗವ್ವನನ್ನು ಒಯ್ಯಲಿಲ್ಲ. “ಈಕಿನ್ನ ನೀವ ಇಟ್ಕೊಳ್ರಿ. ಅಲ್ಲಿ ಗಂಡಸರು ಬಂದ್ರ ಬೆಚ್ಚಿ ಬೀಳ್ತಾಳ” ಎಂದಳು. ಸರ್ಕಾರಿ ಹಾಸ್ಟೆಲ್ಲಿನಲ್ಲಿ ತಾಲೂಕಿನ ಮಕ್ಕಳಿಗೆ ಮಾತ್ರ ಜಾಗ. ಈ ಹುಡುಗಿ ಯಾವ ಊರಿನವಳು ಎಂದು ವಾರ್ಡನ್ ಕೇಳಿದಾಗ ಅಕ್ಕೋರು, “ಹಿರೇಕೆರೂರು. ನಮ್ಮ ಮನಿ” ಎಂದರು. ಹಾಸ್ಟೆಲ್ಲಿನವರು ಒಪ್ಪಲಿಲ್ಲ, ಮಾಸ್ತರರು ಒಪ್ಪಿದರು. ಹುಡುಗಿ ಅವರ ಮನೆಯಲ್ಲೇ ಉಳಿದಳು.

ಉಳಿದ ಮಕ್ಕಳನ್ನು ಬಾಲಮಂದಿರಕ್ಕೆ ಸೇರಿಸುವ ಆದೇಶ ಕೊನೆಗೂ ಬಂತು. ಅದು ಬರುವಷ್ಟರಲ್ಲಿ ಭಟ್ಟಿಯ ಹಂಗಾಮು ಮುಗಿದಿತ್ತು. ಅಕ್ಕೋರು ಆದೇಶ ಹಿಡಿದು ಹಾನಗಲ್ ಬಸ್ಸು ಹತ್ತಿ ಹೊಳೆಯ ದಂಡೆಗೆ ಹೋದರೆ, ಅಲ್ಲಿ ಸುಟ್ಟ ಮಣ್ಣು, ಮುರಿದ ಮಡಕೆ, ಗುಡಿಸಲು ಕಿತ್ತ ತೂತುಗಳು. ಮುಂದೆ ಯಾವ ಊರಿಗೆ ಹೋದರು ಎಂದು ಭಟ್ಟಿಯ ಮಾಲಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳಲಿಲ್ಲವೋ ಏನೋ. ಬಿಜಾಪುರದ ಕಡೆ ಎಷ್ಟೋ ಪತ್ರ ಬರೆದರು, ಎರಡು ಸಲ ತಾವೇ ಹೋದರು. ಆ ಸಂಸಾರ ಮತ್ತೆ ಈ ಕಡೆ ಬರಲಿಲ್ಲ. ಮುಂದಿನ ವರ್ಷ ಅಕ್ಕೋರನ್ನು ದೂರದ ಜಿಲ್ಲೆಗೆ, ಕುಳಿತು ಮಾಡುವ ಕೆಲಸಕ್ಕೆ ವರ್ಗ ಮಾಡಿದರು. ಆಮೇಲೆ ನನ್ನ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟವು. ಅದರಿಂದ ನನಗೇನೂ ಸಂತೋಷವಾಗಲಿಲ್ಲ.

ಅವರು ನಿವೃತ್ತರಾಗಿ ಹಿರೇಕೆರೂರಿಗೆ ಬಂದ ಮೇಲೆ, ಹೋದ ವರ್ಷ, ಸಂತೆಯ ದಿನ ನೋಡಿ ಬರಲು ಹೋಗಿದ್ದೆ. ಮೆಕ್ಕೆಜೋಳದ ಚೀಲಗಳ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಮನೆ ಹುಡುಕಿದೆ. ಮಾಸ್ತರರು ಆಗಲೇ ತೀರಿಕೊಂಡಿದ್ದರು. ಬಾಗಿಲು ತೆರೆದವಳು ದುರಗವ್ವ. ರಟ್ಟೀಹಳ್ಳಿಯ ದವಾಖಾನೆಯಲ್ಲಿ ನರ್ಸು ಆಗಿದ್ದಳು. ಬಿಳಿ ಸೀರೆ, ಮೊಣಕಾಲು ಮುಟ್ಟುವ ಜಡೆ. “ಒಳಗ ಬರ್ರಿ. ಬೈಸಿಕೊಳ್ಳಾಕ ತಯಾರಾಗಿ ಬರ್ರಿ” ಎಂದು ನಕ್ಕಳು.

ಅಕ್ಕೋರು ಮಂಚದ ಮೇಲಿದ್ದರು. ಉಬ್ಬಸ. ದನಿ ಮಾತ್ರ ಇನ್ನೂ ಎದುರುಮನೆಗೆ ಕೇಳಿಸುವಷ್ಟಿತ್ತು. ಸರ್ಕಾರ ಈಗ ತಾಲೂಕಿಗೊಂದು ಸಮಿತಿ ಮಾಡಿದೆಯಂತೆ, ಜೀಪು ಕೊಟ್ಟಿದೆಯಂತೆ ಎಂದು ನಾನು ಹೇಳಿದೆ. “ಜೀಪಿನ್ಯಾಗ ಕುಂತ್ರ ಬಸ್ಸಿನ್ಯಾಗ ಯಾರು ಅಳಾಕತ್ತಾರ ಹೆಂಗ ಗೊತ್ತಾಗ್ತೈತಿ?” ಎಂದರು. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು:

“ದುರಗವ್ವನ ತಂಗಿ, ಆ ಚಂದ್ರಿ, ಎಲ್ಲಿರಬೇಕ್ರೀ?”

ಆ ಹುಡುಗಿ ಬಾಯಿ ಬಿಟ್ಟಿದ್ದರಿಂದಲೇ ಅಕ್ಕ ಸಿಕ್ಕಿದ್ದು. ಕಾಯಿಲೆಯ ಮನುಷ್ಯರು, ಮನಸ್ಸಿಗೆ ಹಿತವಾಗುವ ಮಾತು ಆಡಬೇಕು ಎಂದು, “ಎಲ್ಲೋ ಅರಾಮ ಇರಬೇಕು ಬಿಡ್ರಿ ಅಕ್ಕೋರ. ಮದುವಿ ಆಗಿ ಮಕ್ಕಳಾಗಿರಬೇಕು” ಎಂದೆ.

ಅವರು ಮಂಚದ ಮೇಲೆ ಎದ್ದು ಕುಳಿತರು. ಆ ಸಿಟ್ಟನ್ನು ನಾನು ಬಸ್ಸಿನ ಮುಂದೆಯೂ ನೋಡಿರಲಿಲ್ಲ.

“ಹಂಗ ಅನಬ್ಯಾಡ್ರಿ. ನಿಮ್ಮ ಕಾಲ್ ಬೀಳ್ತೇನಿ, ಹಂಗ ಮಾತ್ರ ಅನಬ್ಯಾಡ್ರಿ. ಎಲ್ಲೋ ಅರಾಮ ಅದಾವು ಅಂತ ಎಲ್ಲಾರೂ ಅಂತಾರ. ಅದಕ್ಕ ಯಾರೂ ಹುಡುಕಂಗಿಲ್ಲ.”

ದುರಗವ್ವ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಪ್ಪುಗಳನ್ನು ಕಿಟಕಿಯ ಮೇಲಿಟ್ಟು, ಅಕ್ಕೋರ ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಕಾಕಾ, ನಿಮಗ ಬಿಜಾಪುರದ ಕಡೆ ಕಂಡಕ್ಟರು ಯಾರರ ಗುರುತಿನವ್ರು ಅದಾರೇನ್ರಿ?”